ಹುಲಿ ಏನು ತಪ್ಪು ಮಾಡಿತು?

ರಜೆಯ ದಿನ ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ಯುವುದು ಗೃಹಸ್ಥಧರ್ಮದ ಒಂದು ಅಂಗವೇ ಆಗಿಹೋಗಿದೆ. ಕೋಲಾರದ ಚಿನ್ನದ ಗಣಿಯ ಕಡೆಯ ಸಂಸಾರಗಳು ಬೆಳಗಿನ ಜಾವ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ, ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಬನ್ನೇರುಘಟ್ಟ ಸೇರುತ್ತವೆ. ಸ್ವಲ್ಪ ಅನುಕೂಲವಿದ್ದವರು ಮೈಸೂರಿನವರೆಗೂ ಹೋಗುತ್ತಾರೆ. ಚೀಲದಲ್ಲಿ ಚಿತ್ರಾನ್ನದ ಬುತ್ತಿ, ಕಂಕುಳಲ್ಲಿ ಕಿರಿಯದು, ಬೆರಳು ಹಿಡಿದು ಹಿರಿಯದು. ಇಷ್ಟು ಸರಳವಾದ ಸಂತೋಷದಲ್ಲಿ ಧರ್ಮಸಂಕಟಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. ಎಡೆಯಿದೆ. ಹುಲಿಯ ಪಂಜರದ ಮುಂದೆ ನಿಂತ ಐದು ವರ್ಷದ ಮಗು ಒಂದಲ್ಲ ಒಂದು ಸಲ ಕೇಳಿಬಿಡುತ್ತದೆ: "ಅಪ್ಪಾ, ಹುಲಿ ಏನು ತಪ್ಪು ಮಾಡಿತು?"

ಮಗುವಿನ ತರ್ಕದಲ್ಲಿ ಕುಂದಿಲ್ಲ. ತಪ್ಪು ಮಾಡಿದವರನ್ನು ಕೂಡಿಹಾಕುತ್ತಾರೆ ಎಂದು ಅದಕ್ಕೆ ಕಲಿಸಿದವರು ನಾವೇ. ಉತ್ತರ ಹೊಳೆಯದ ಹಿರಿಯರು, "ಅದಕ್ಕೆ ಇಲ್ಲೇ ಸುಖ ಕಣೋ, ಹೊತ್ತಿಗೆ ಸರಿಯಾಗಿ ಮಾಂಸ ಹಾಕುತ್ತಾರೆ" ಎಂದು ಹೇಳಿ ಮುಂದಿನ ಪಂಜರದ ಕಡೆಗೆ ನಡೆಯುತ್ತಾರೆ. ಅನ್ನ ಸಿಕ್ಕುವುದೇ ಸುಖವೆಂಬ ಪಾಠ ಅಲ್ಲಿಗೆ ಮುಗಿಯಿತು!

ಈ ಉತ್ತರ ಗಣಿಯೂರಿನವರ ಬಾಯಿಂದಂತೂ ಬರಬಾರದು. ಪಂಜರ ಅವರಿಗೆ ಹೊಸದಲ್ಲ. ಮನುಷ್ಯರನ್ನು ಶಾಫ್ಟಿನೊಳಗೆ ಇಳಿಸುತ್ತಿದ್ದ ಕಬ್ಬಿಣದ ಗೂಡಿಗೆ ಅಲ್ಲಿ 'ಕೇಜ್' ಎಂದೇ ಹೆಸರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಕ್ಕಿತ್ತು. 2001ರಲ್ಲಿ ಗಣಿ ಮುಚ್ಚುವ ತನಕ ತಲೆಮಾರುಗಳು ಅಂಥ ಗೂಡಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಪಾತಾಳಕ್ಕಿಳಿದವು. ಆದರೆ ಇಳಿಯುವುದೇಕೆಂದು ಅವರಿಗೆ ಗೊತ್ತಿತ್ತು: ಮನೆಯಲ್ಲಿ ಒಲೆ ಉರಿಯಬೇಕು. ಪಾಳಿ ಮುಗಿದ ಮೇಲೆ ಬೆಳಕಿಗೆ ಬಂದೇವೆಂಬ ಆಸೆಯೂ ಇತ್ತು. ಹುಲಿಗೆ ಕಾರಣ ತಿಳಿಯದು. ಅದರ ಪಾಳಿ ಮುಗಿಯುವುದೂ ಇಲ್ಲ.

ಹಾಗೆಂದು ಮೃಗಾಲಯಗಳನ್ನೆಲ್ಲ ಒಂದೇ ಮಾತಿನಲ್ಲಿ ಬೈದುಬಿಡುವುದು ನ್ಯಾಯವಲ್ಲ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಮೈಸೂರಿನಲ್ಲಿ ಮೃಗಾಲಯ ಸ್ಥಾಪಿಸಿದಾಗ ಅದು ಅರಮನೆಯ ವೈಭವಕ್ಕೆ ಸೇರಿದ್ದು. ಇಂದು ಮೃಗಾಲಯವನ್ನು ಕೇಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿದೆ. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಏರ್ಪಟ್ಟಿತು. ಪ್ರಾಣಿಯನ್ನು ಕೆಣಕುವುದು, ಗದ್ದಲ ಮಾಡಿ ಬೆದರಿಸುವುದು, ತಿಂಡಿ ಎಸೆಯುವುದು, ಇವೆಲ್ಲ ಈಗ ಅಪರಾಧ. ಕಾಡಿನಲ್ಲಿ ಅಳಿಯುತ್ತಿರುವ ಕುಲಗಳನ್ನು ಉಳಿಸುವ ಕೆಲಸವೂ ಅಲ್ಲಿ ನಡೆಯುತ್ತದೆ.

ಬನ್ನೇರುಘಟ್ಟದ ಕರಡಿಗಳನ್ನು ನೋಡಿ. ಮೂತಿಗೆ ತೂತು ಕೊರೆದು, ಹಗ್ಗ ಪೋಣಿಸಿ, ಬೀದಿ ಬೀದಿಯಲ್ಲಿ ಕುಣಿಸಿದ ಕರಡಿಗಳಿಗೆ ಅಲ್ಲಿ ಆಶ್ರಯ ದೊರೆತಿದೆ. ನಮ್ಮ ಬಾಲ್ಯದಲ್ಲಿ ಮನೆ ಮುಂದೆ ಕರಡಿ ಕುಣಿದಾಗ ಕಾಸು ಹಾಕಿ, ಮಕ್ಕಳ ಹೆದರಿಕೆ ಹೋಗಲೆಂದು ಅದರ ಕೂದಲಿನ ತಾಯಿತ ಕಟ್ಟಿಸಿದವರು ಮರ್ಯಾದಸ್ಥರೇ. ಆ ಕರಡಿಗಳು ಇನ್ನು ಕಾಡಿನಲ್ಲಿ ಬದುಕಲಾರವು. ಅವುಗಳಿಗೆ ಬೇಲಿ ಸೆರೆಯಲ್ಲ, ಆಸರೆ.

ಆದ್ದರಿಂದ ಮಗುವಿಗೆ ಕೊಡಬೇಕಾದ ಉತ್ತರ ಪಂಜರ ಪಂಜರಕ್ಕೂ ಬೇರೆ. ಕರಡಿಯ ಮುಂದೆ, "ಮನುಷ್ಯ ಇದಕ್ಕೆ ಕೆಡುಕು ಮಾಡಿದ, ಈಗ ಆ ಋಣ ತೀರಿಸುತ್ತಿದ್ದಾನೆ" ಎನ್ನಬಹುದು. ಹುಲಿಯ ಮುಂದೆ, "ಇದು ಏನೂ ತಪ್ಪು ಮಾಡಲಿಲ್ಲ. ನಾವು ನೋಡಬೇಕೆಂದು, ಇದರ ಕುಲ ಉಳಿಯಲೆಂದು ಇಲ್ಲಿಟ್ಟಿದ್ದಾರೆ. ಅದಕ್ಕಾಗಿ ಇದು ತನ್ನ ಕಾಡನ್ನು ಬಿಟ್ಟುಕೊಡಬೇಕಾಯಿತು" ಎಂದೇ ಹೇಳಬೇಕು. ಎಳೆಯ ಮನಸ್ಸು ಇಷ್ಟು ಕಹಿಯನ್ನು ತಾಳೀತೆ? ಗೋವಿನ ಹಾಡನ್ನು ಕೇಳಿ ಕಣ್ಣು ಒರೆಸಿಕೊಂಡು ಬೆಳೆದ ಮಕ್ಕಳು ನಮ್ಮವರು. ಹಸುವಿನ ಸತ್ಯಕ್ಕೆ ಸೋತು ಪ್ರಾಣಬಿಟ್ಟ ಹುಲಿಯ ಕಥೆಯನ್ನು ಮನೆಯಲ್ಲಿ ಹೇಳಿ, ಜೀವಂತ ಹುಲಿಯ ಎದುರಿಗೆ ಸುಳ್ಳು ಹೇಳುವುದು ಯಾವ ನೀತಿ?

ಸತ್ಯ ಹೇಳಿದವನಿಗೆ ಅದರ ಹೊರೆಯೂ ಉಂಟು. ತಮಿಳುನಾಡು, ಆಂಧ್ರಗಳ ಗಡಿಯ ಕಾಡುಗಳಿಂದ ಆನೆಗಳು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಿನ ಹಳ್ಳಿಗಳಿಗೆ ಬರುತ್ತವೆ. ಬನ್ನೇರುಘಟ್ಟದಲ್ಲಿ ಚೀಟಿ ಕೊಂಡು ನೋಡಿ ಕೈತಟ್ಟಿದ ಆನೆಯ ಕುಲವೇ ಇಲ್ಲಿ ರಾಗಿ ಹೊಲ ತುಳಿದಾಗ ಪಟಾಕಿಯ ಏಟು ತಿನ್ನುತ್ತದೆ. ವರ್ಷದ ಬೆಳೆಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ ರೈತನಿಗೆ ಕರುಣೆಯ ಉಪದೇಶ ಮಾಡಲು ಪೇಟೆಯವರಿಗೆ ಅಧಿಕಾರವಿಲ್ಲ. ಆನೆ ತಪ್ಪು ಮಾಡಿಲ್ಲ, ರೈತನೂ ಮಾಡಿಲ್ಲ. ಆನೆ ಬೇಕೆಂದು ಬಯಸುವವರು ನಾವು. ಅದರ ವೆಚ್ಚ ತೆರುವವನು ಅವನು. ಅವನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಲಿ, ಆನೆಗೆ ನಡೆಯುವ ದಾರಿ ಉಳಿಯಲಿ ಎಂದು ಒತ್ತಾಯಿಸುವುದು, ಅದಕ್ಕೆ ತಗಲುವ ಹಣದಲ್ಲಿ ಪಾಲು ಹೊರುವುದು ನಮ್ಮ ಬಾಧ್ಯತೆ.

ಹಾಗಾದರೆ ಮಕ್ಕಳನ್ನು ಕರೆದೊಯ್ಯಬೇಕೆ, ಬೇಡವೆ? ಕರೆದೊಯ್ಯಿರಿ. ಚಿತ್ರದಲ್ಲಿ ಕಂಡದ್ದಕ್ಕಿಂತ ಕಣ್ಣಾರೆ ಕಂಡದ್ದರ ಮೇಲೆ ಮಮತೆ ಬೇಗ ಹುಟ್ಟುತ್ತದೆ. ಆದರೆ ಒಂದೇ ದಿನದಲ್ಲಿ ಎಲ್ಲ ಪಂಜರಗಳನ್ನೂ ಮುಗಿಸುವ ಆತುರ ಬೇಡ. ನಾಲ್ಕಾರು ಪ್ರಾಣಿಗಳ ಮುಂದೆ ಹೆಚ್ಚು ಹೊತ್ತು, ಸದ್ದಿಲ್ಲದೆ ನಿಲ್ಲಿ. ಮಗು ಕೇಳಿದ್ದಕ್ಕೆ ನಿಜ ಹೇಳಿ. ಟಿಕೆಟಿನ ಹಣ ನೋಡುವ ಹಕ್ಕನ್ನು ಕೊಡುತ್ತದೆ. ನೋಡಿದ್ದರ ಋಣವನ್ನು ಅದು ತೀರಿಸುವುದಿಲ್ಲ.