ಜಟಿಂಗರಾಮೇಶ್ವರನಲ್ಲಿ ಒಂದು ಅರಿಕೆ

ಜಟಿಂಗರಾಮೇಶ್ವರಾ, ಮಳೆ ಬೇಡಿಕೊಂಡು ಬೆಟ್ಟ ಹತ್ತುವವರು ನಿನಗೆ ಹೊಸಬರಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯವರು ನಿನ್ನೆದುರು ಕೈಮುಗಿದರೆ ಬಾಯಿಗೆ ಮೊದಲು ಬರುವ ಮಾತೇ ಅದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಸುರಿದರೆ ಪುಣ್ಯ ಎನ್ನುವ ನೆಲ ಇದು. ಮುಂಗಾರಿನ ಮೋಡ ಪಡುವಣ ಘಟ್ಟದಲ್ಲೇ ಬಹುಪಾಲು ಇಳಿದುಹೋಗುತ್ತದೆ. ನಮ್ಮವರೆಗೆ ಬರುವುದು ಬೀಸುಗಾಳಿ. ಆದರೂ ಇವತ್ತು ಮಳೆಯೊಂದನ್ನೇ ಕೇಳಲು ನನಗೆ ಮನಸ್ಸು ಬಾರದು. ನಿನ್ನನ್ನು ಅಷ್ಟಮೂರ್ತಿ ಎನ್ನುತ್ತಾರೆ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ, ಸೂರ್ಯ, ಚಂದ್ರ, ಜೀವ, ಎಲ್ಲವೂ ನಿನ್ನದೇ ಮೈ. ಆ ಮೈಯಿಂದ ಒಂದನ್ನು ಬಿಡಿಸಿ ನನಗೆ ಕೊಡು ಎಂದು ಹೇಗೆ ಕೇಳಲಿ?

ಸಿದ್ದಾಪುರದ ಹೊಲದಲ್ಲಿ ಒಂದು ಶೇಂಗಾ ಗಿಡ ಕಿತ್ತು ನೋಡಿದ್ದೇನೆ. ಹೂ ಅರಳುವುದು ಗಾಳಿಯಲ್ಲಿ. ಬಾಡಿದ ಮೇಲೆ ಅದರ ಬುಡದಿಂದ ಸಣ್ಣ ಕಡ್ಡಿಯೊಂದು ಹೊರಟು ಕೆಳಗೆ ಬಾಗಿ ಮಣ್ಣು ಹೊಗುತ್ತದೆ, ಕಾಯಿ ಕಟ್ಟುವುದು ಅಲ್ಲಿ, ಕತ್ತಲಲ್ಲಿ. ಬೇರಿನ ತುಂಬ ಪುಟ್ಟ ಪುಟ್ಟ ಗಂಟು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಿಡ ಬಿಸಿಲಲ್ಲಿ ಬೇಯಿಸಿದ ಸಕ್ಕರೆಯನ್ನು ಅವಕ್ಕೆ ಇಳಿಸುತ್ತದೆ. ಆ ಕೆಂಪು ನಮ್ಮ ರಕ್ತದ ಕೆಂಪಿಗೆ ನೆಂಟ. ಅದರಲ್ಲೂ ಕಬ್ಬಿಣವಿದೆ, ಆ ಕಬ್ಬಿಣ ಈ ಕೆಮ್ಮಣ್ಣಿನದು. ಚಳ್ಳಕೆರೆಯ ಗಾಣದಲ್ಲಿ ಇಳಿಯುವ ಎಣ್ಣೆಯಲ್ಲಿ ಗಾಳಿ, ಕಲ್ಲು, ಬಿಸಿಲು, ಹನಿ ಯಾವುದೆಷ್ಟು ಎಂದು ಯಾರು ಪಾಲು ಮಾಡಬಲ್ಲರು? ಕಡ್ಡಿ ಇಳಿಯುವ ಹೊತ್ತಿಗೆ ನೆಲ ಒಣಗಿ ಗಟ್ಟಿಯಾದರೆ ಅದು ಮಣ್ಣು ಹೊಗಲಾರದೆ ಮೇಲೇ ಬಾಡಿಹೋಗುತ್ತದೆ. ಆ ಕೆಲವು ದಿನ ಹೊಲದಲ್ಲಿ ಹಸಿ ಉಳಿಸು, ತಂದೆ.

ಈ ಮಣ್ಣು ಬಂದದ್ದು ಕಲ್ಲಿನಿಂದ. ರಾಮನಗರದ ಕಡೆಯಿಂದ ಪಾವಗಡದ ಮೇಲೆ ಹಾದು ಬಡಗಣಕ್ಕೆ ಬರುವ ಗ್ರಾನೈಟ್ ಪಟ್ಟಿಗೆ 250 ಕೋಟಿ ವರ್ಷ ವಯಸ್ಸು. ಇದೇ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ. ಸಮುದ್ರದ ಅಡಿಯಲ್ಲಿ ಉಕ್ಕಿ, ನೀರು ತಾಕಿ ಹೆಪ್ಪುಗಟ್ಟಿದ ಬೆಂಕಿ ಅದು. ಹನಿ ನೀರಿಗೆ ಬಾಯಿಬಿಡುವ ನಮ್ಮ ಕಾಲಡಿಯಲ್ಲಿ ಒಂದಾನೊಂದು ಕಾಲದ ಕಡಲು! ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕೂಡಿಕೊಂಡು ಹುಳಿಯಾಗಿ ಕಲ್ಲನ್ನು ತಿಂದದ್ದರಿಂದಲೇ ನಮಗೆ ಹೊಲವಾಯಿತು. ಆದರೆ ಅದೇ ಕಲ್ಲಿನಲ್ಲಿ ಫ್ಲೋರೈಡೂ ಇದೆ. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ನಾವು ಕುಡಿಯುವುದು ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರನ್ನು. ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆಯಾಗಿ ಮೂಡುತ್ತದೆ, ಆಮೇಲೆ ಮೂಳೆಗೆ ಇಳಿಯುತ್ತದೆ. ಕೆರೆ ಹೂಳಿಗೆ ಬಿಟ್ಟು ಪಾತಾಳ ಕೊರೆದವರು ದೊಡ್ಡವರು, ಸ್ವಾಮಿ. ಹಲ್ಲು ಮಕ್ಕಳದು.

ರಾವಣನೊಡನೆ ಕಾದಾಡಿ ಜಟಾಯು ಬಿದ್ದದ್ದು ಈ ಬೆಟ್ಟದಲ್ಲೇ ಎಂದು ನಮ್ಮವರ ನಂಬಿಕೆ. ಆ ಪಕ್ಷಿಯ ಕುಲಕ್ಕೆ ಏನಾಯಿತೆಂದು ನಿನಗೆ ಹೇಳಲೇಬೇಕು. ದನಕ್ಕೆ ನೋವು ಕಳೆಯಲೆಂದು ಕೊಟ್ಟ ಡೈಕ್ಲೋಫೆನಾಕ್ ಔಷಧ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ದೇಶದುದ್ದಕ್ಕೂ ಸತ್ತವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧವನ್ನು ನಿಷೇಧಿಸುವ ಹೊತ್ತಿಗೆ ಆಕಾಶ ಬರಿದಾಗಿತ್ತು. ಇದೇ ಗ್ರಾನೈಟ್ ಪಟ್ಟಿಯ ತೆಂಕಣ ಕಡೆ, ರಾಮನಗರದ ರಾಮದೇವರ ಬೆಟ್ಟದಲ್ಲಿ, ಉಳಿದ ಕೆಲವಕ್ಕೆ 2012ರಲ್ಲಿ ಧಾಮವಾಯಿತು. ಅವುಗಳ ಗೂಡು ಕಾಯಿ.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನೂ ನಿನ್ನ ಮುಂದಿಡುತ್ತೇನೆ. ಮೈಸೂರು ಅರಸರ ದನಗಳು ಮೇಯ್ದ ಹುಲ್ಲುಗಾವಲು. ಬಂಜರು ಎಂದು ಕಡತದಲ್ಲಿ ಬರೆಯುವುದು ಸುಲಭ. ಅಲ್ಲಿನ ಹುಲ್ಲು ಬೇರಿನಿಂದ ಮಣ್ಣು ಹಿಡಿಯುತ್ತದೆ, ಕುರಿಯ ಹೊಟ್ಟೆಗೆ ಹೋಗಿ ಉಣ್ಣೆಯಾಗುತ್ತದೆ, ಕುರುಬರ ಮಗ್ಗದಲ್ಲಿ ಕಂಬಳಿಯಾಗುತ್ತದೆ. ಅಲ್ಲಿ ಸುಮಾರು 10,000 ಎಕರೆ ರಕ್ಷಣೆಯ, ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ವಿಜ್ಞಾನ ನನಗೆ ಬೇಕು. ಮೇಲಿನ ಇಷ್ಟೂ ಮಾತು ಅದೇ ಕಲಿಸಿದ್ದು. ಆದರೆ ಕುರಿ ಹೊಡೆದುಕೊಂಡು ಹೊರಟವನಿಗೆ ಗೋಡೆ ಅಡ್ಡ ಬಂದಾಗ ಅವನ ಸಂಕಟ ಲೆಕ್ಕಕ್ಕೆ ಬರಲಿಲ್ಲ ಎಂಬುದು ನನ್ನ ನೋವು.

ಜೀವದ ಸಂಕಟ ಲೆಕ್ಕಕ್ಕೆ ಬರಬೇಕೆಂಬ ಮಾತು ಇಲ್ಲಿ ಹೊಸದಲ್ಲ. ನಿನ್ನ ಬೆಟ್ಟದಲ್ಲೂ, ಬ್ರಹ್ಮಗಿರಿಯಲ್ಲೂ, ಸಿದ್ದಾಪುರದಲ್ಲೂ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದವು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಬಂದ ಆ ಮಾತನ್ನು ಚಪಡನೆಂಬ ಲಿಪಿಕಾರ ಬರೆದ. ತಾಯಿತಂದೆಯ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವ ನಡುವೆ ಜೀವಿಗಳ ಮೇಲಿನ ದಯೆ ಗಟ್ಟಿಯಾಗಬೇಕು ಎಂದೂ ಇದೆ. ನಿನ್ನ ಮೆಟ್ಟಿಲ ಬಳಿಯ ಪ್ರತಿ ಬಹಳ ಸವೆದಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವದು, ಬಳೆಗಾರ ಗುಂಡು ಎಂದೇ ಹೆಸರು.

ಇನ್ನೊಂದೇ ಅರಿಕೆ. ಚಿತ್ತೆ, ಸ್ವಾತಿ ಮಳೆಯಲ್ಲಿ ನಮ್ಮ ಚಿನ್ನಹಗರಿ ಹಳ್ಳ ಹರಿದೀತು. ಗಡಿಯಾಚೆ, ಆಂಧ್ರದ ರಾಯದುರ್ಗದ ಕಣೇಕಲ್ ಸೀಮೆಯಲ್ಲಿ ಹಗರಿಯ ಒಣ ಪಾತ್ರದ ಮರಳು ಗಾಳಿಗೆ ಎದ್ದು ಹೊಲದ ಮೇಲೆ ದಿಬ್ಬವಾಗಿ ಕೂತಿದೆ. ನಮಗೂ ಆ ಗತಿ ಬಾರದಂತೆ, ಇಲ್ಲಿ ಹಳ್ಳದ ದಂಡೆಯ ಹೊಂಗೆ, ಲಕ್ಕಿ ಕಡಿಯಲು ಎತ್ತಿದ ಕೈ ತಡೆ. ಮರಳು ತುಂಬಲು ರಾತ್ರಿ ಇಳಿಯುವ ಟ್ರ್ಯಾಕ್ಟರ್‌ಗಳನ್ನು ಹಿಂದಕ್ಕೆ ಕಳಿಸುವ ಧೈರ್ಯವನ್ನು ಊರಿನವರಿಗೆ ಕೊಡು. ಅವರ ಜೊತೆ ನಿಲ್ಲುವ ಧೈರ್ಯ ನನಗೂ ಕೊಡು.