ಇಂದಿನ ಧಮ್ಮ ಚಿಂತನೆ: ಕುರ್ಚಿ ಬಿಟ್ಟ ಮೇಲಿನ ಸುಖ

ನಮ್ಮ ಗುಂಡ್ಲುಪೇಟೆ ಕಡೆ ಸರ್ಕಾರಿ ನೌಕರಿಯಿಂದ ನಿವೃತ್ತರಾದ ನಮ್ಮವರಲ್ಲಿ ಅನೇಕರು ತಮ್ಮ ಮನೆತನದ ಮೊದಲ ನಿವೃತ್ತರು. ನಾನೂ ಅಂಥವನೇ. ನನ್ನ ಅಪ್ಪ ಅವ್ವನಿಗೆ ನಿವೃತ್ತಿ ಎಂಬ ಮಾತೇ ಗೊತ್ತಿರಲಿಲ್ಲ. ಮೈಯಲ್ಲಿ ಶಕ್ತಿ ಇರುವ ತನಕ ಕೂಲಿ, ಆಮೇಲೆ ಜಗಲಿ. ಇವತ್ತಿಗೂ ಚೆಂಡು ಹೂವಿನ ಹೊಲದಲ್ಲಿ ಹೂ ಬಿಡಿಸುವ, ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವ ಅಜ್ಜಿಯರದ್ದು ಅದೇ ಕಥೆ. 65 ದಾಟಿದ ಮೇಲೆ ಸಂಧ್ಯಾ ಸುರಕ್ಷಾ ಮಂಜೂರಾದರೆ ಅದೇ ದೊಡ್ಡದು. ನನಗಾದರೋ 60 ತುಂಬಿದ ತಿಂಗಳ ಕೊನೆಯ ದಿನ ಹಾರ, ಶಾಲು, ಭಾಷಣ, ಮುಂದೆ ಪಿಂಚಣಿ. ಈ ಬಿಡುವನ್ನು ಹೇಗೆ ಬಾಳಬೇಕು ಎಂದು ಕಲಿಯೋಣವೆಂದರೆ ಮನೆಯಲ್ಲಿ ನಮಗೆ ಮಾದರಿ ಇಲ್ಲ.

ಬೀಳ್ಕೊಡುಗೆ ದಿನ ಒಬ್ಬರು "ಇನ್ನೇನು ಸಾರ್, ವಾನಪ್ರಸ್ಥ, ತೀರ್ಥಯಾತ್ರೆ" ಎಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ಆ ನಾಲ್ಕು ಆಶ್ರಮಗಳ ಲೆಕ್ಕದಲ್ಲಿ ನಮ್ಮವರಿಗೆ ಜಾಗವೇ ಇರಲಿಲ್ಲ. ಬಾಬಾಸಾಹೇಬರು ಹಿಂದೂ ಧರ್ಮದ ಒಗಟುಗಳನ್ನು ಕುರಿತ ತಮ್ಮ ಬರಹದಲ್ಲಿ ಈ ಆಶ್ರಮ ವ್ಯವಸ್ಥೆಯನ್ನೂ ಪ್ರಶ್ನಿಸಿದ್ದಾರೆ. ನಾವು ಬೇರೆ ದಾರಿ ನೋಡಿಕೊಳ್ಳಬೇಕು.

ನಿವೃತ್ತರು ಸೇರಿದ ಕಡೆ ಪಿಂಚಣಿ, ಶುಗರ್, ಮಂಡಿನೋವು ಎಲ್ಲದರ ಮಾತೂ ಬರುತ್ತದೆ. ನಮ್ಮವರಿಗೆ ಇನ್ನೊಂದು ಚಿಂತೆಯೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಅಪ್ಪ ಊರಿನ ಯಜಮಾನರನ್ನು "ಬುದ್ಧಿ" ಎಂದು ಕೈಮುಗಿದು ಕರೆಯುತ್ತಿದ್ದ. ಅದೇ ಮನೆಗಳ ಮಕ್ಕಳು ನನ್ನ ಮೇಜಿನ ಮುಂದೆ ನಿಂತು "ಸಾರ್" ಎಂದರು. ನಿವೃತ್ತನಾಗಿ ಆರು ತಿಂಗಳಿಗೆ ಅವರಲ್ಲೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಏನಯ್ಯಾ, ಆರಾಮಾ?" ಎಂದರು. ಮಾತು ಚಿಕ್ಕದು. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಕುರ್ಚಿ ಇದ್ದಾಗ ಬಾಗಿಲ ಹೊರಗೆ ನಿಂತಿದ್ದ ಜಾತಿ, ಕುರ್ಚಿ ಹೋದ ಮೇಲೆ ಒಳಗೆ ಬಂದು ಕೂರುತ್ತದೆಯೇ? ಹಾಗಾದರೆ ಇಷ್ಟು ವರ್ಷ ಸಿಕ್ಕ ಗೌರವ ಯಾರದು?

ಈ ಭಯಕ್ಕೆ ಕೆಲವರು ಇನ್ನೊಂದು ಕುರ್ಚಿ ಹುಡುಕುತ್ತಾರೆ. ಸಂಘದ ಅಧ್ಯಕ್ಷಗಿರಿ, ಸಮಾರಂಭದ ವೇದಿಕೆ, ಬ್ಯಾನರಿನಲ್ಲಿ ಹೆಸರು. ಅದು ಸಿಗದಿದ್ದರೆ ಜಗಳ. ಇದರ ಬಗ್ಗೆ ಧಮ್ಮ ಏನು ಹೇಳುತ್ತದೆ ಎಂದು ನೋಡಿದಾಗ ನನಗೆ ವಿನಯ ಪಿಟಕದ ಭದ್ದಿಯನ ಕಥೆ ಸಿಕ್ಕಿತು.

ಭದ್ದಿಯ ಶಾಕ್ಯರ ಅರಸ. ರಾಜ್ಯ ಬಿಟ್ಟು ಅನುಪಿಯದ ಮಾವಿನ ತೋಪಿನಲ್ಲಿ ಭಿಕ್ಕುವಾದ. ಅಲ್ಲಿ ಮರದ ಬುಡದಲ್ಲಿ ಕೂತು ಮತ್ತೆ ಮತ್ತೆ 'ಆಹಾ, ಎಂಥ ಸುಖ' ಎನ್ನುತ್ತಿದ್ದ. ಉಳಿದ ಭಿಕ್ಕುಗಳು ಅರಮನೆ ನೆನಪಾಗಿರಬೇಕು ಎಂದುಕೊಂಡು ಭಗವಾನರಿಗೆ ತಿಳಿಸಿದರು. ಭಗವಾನರು ಕರೆದು ಕೇಳಿದಾಗ ಅವನು ಹೇಳಿದ್ದರ ಸಾರ ಇಷ್ಟು: ಅರಸನಾಗಿದ್ದಾಗ ಒಳಗೂ ಹೊರಗೂ ಕಾವಲಿತ್ತು, ಆದರೂ ಹೆದರುತ್ತಲೇ ಇದ್ದೆ, ಈಗ ಯಾವ ಕಾವಲೂ ಇಲ್ಲ, ಯಾವ ಹೆದರಿಕೆಯೂ ಇಲ್ಲ. ಸುಖ ಎಂದು ಅವನು ಕರೆದದ್ದು ಆ ನಿರ್ಭಯವನ್ನು.

ಆದರೆ ಬಂಧುಗಳೇ, ಈ ಕಥೆಯನ್ನು ಹಾಗೆಯೇ ನಮಗೆ ಅಂಟಿಸಿಕೊಳ್ಳಬಾರದು. ಭದ್ದಿಯನ ಕುರ್ಚಿ ಕುಲದಿಂದ ಬಂದದ್ದು. ನಮ್ಮದು ಅಪ್ಪ ಅವ್ವನ ಕೂಲಿಯಿಂದ, ಬಾಬಾಸಾಹೇಬರ ಸಂವಿಧಾನದಿಂದ ಬಂದದ್ದು. ಅದನ್ನು ಮಾಯೆ ಎಂದು ತಳ್ಳುವ ಅಧಿಕಾರ ನಮಗಿಲ್ಲ. ನಾವು ನೋಡಬೇಕಾದ್ದು ಅದೇ ಕಥೆಯ ಇನ್ನೊಬ್ಬನನ್ನು, ಕ್ಷೌರಿಕ ಉಪಾಲಿಯನ್ನು. ಅವನೂ ಅವತ್ತೇ ಪಬ್ಬಜ್ಜ ಪಡೆದ. ಶಾಕ್ಯ ಕುಮಾರರೇ ಕೇಳಿಕೊಂಡರು: ಇವನಿಗೆ ಮೊದಲು ದೀಕ್ಷೆ ಕೊಡಿ, ನಾವು ಇವನಿಗೆ ನಮಸ್ಕರಿಸಬೇಕು, ನಮ್ಮ ಕುಲದ ಸೊಕ್ಕು ಇಳಿಯಲಿ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಉಪಾಲಿಯ ಪ್ರಸಂಗವನ್ನು ಸೇರಿಸಿದ್ದಾರೆ. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವನು ಇದೇ ಉಪಾಲಿ. ಆ ಗೌರವವನ್ನು ಯಾರೂ ವಾಪಸ್ ಕೇಳುವಂತಿರಲಿಲ್ಲ. ಅದು ಅವನು ಕಲಿತದ್ದರಿಂದ, ಬಾಳಿದ್ದರಿಂದ ಬಂದದ್ದು.

ಬಾಬಾಸಾಹೇಬರನ್ನೇ ನೋಡಿ. 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. 1952ರ ಚುನಾವಣೆಯಲ್ಲಿ ಸೋತರು. ಆರೋಗ್ಯ ಕೆಟ್ಟಿತ್ತು. ಆದರೂ 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ ಕಟ್ಟಿದರು, ಧಮ್ಮದ ಗ್ರಂಥ ಬರೆದರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮ ಸ್ವೀಕರಿಸಿದರು. ನಾವು ಇಂದು ಬೌದ್ಧರಾಗಿರುವುದು ಮಂತ್ರಿಗಿರಿ ಬಿಟ್ಟ ಮೇಲಿನ ಆ ಐದು ವರ್ಷಗಳಿಂದ.

ಹಾಗೆಂದು ನಿವೃತ್ತರೆಲ್ಲ ಓಡಾಡುತ್ತಲೇ ಇರಬೇಕು ಎಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಗಡಿಯಾರ ನೋಡದೆ ಏಳುವುದು, ಆಷಾಢದ ಗಾಳಿಯಲ್ಲಿ ಹೊಲದ ಬದುವಿನ ಮೇಲೆ ನಡೆಯುವುದು, ಮಧ್ಯಾಹ್ನ ಮುದ್ದೆ ಉಂಡು ಮಲಗುವುದು, ಇವು ನಮ್ಮ ಹಿರಿಯರಿಗೆ ಸಿಗದ ಸುಖ. ಅವರ ಪಾಲಿನದನ್ನೂ ಸೇರಿಸಿ ಅನುಭವಿಸೋಣ, ಅದರಲ್ಲಿ ತಪ್ಪಿಲ್ಲ. ಆದರೆ ಮನೆಯವರಿಗೆ ನಿವೃತ್ತಿ ಆದೇಶ ಯಾರೂ ಕೊಟ್ಟಿಲ್ಲ ಎಂಬುದು ನೆನಪಿರಲಿ. ನಾನು ಈಗ ಸೊಪ್ಪು ಬಿಡಿಸುತ್ತೇನೆ, ಪಾತ್ರೆ ತೊಳೆಯುತ್ತೇನೆ. ಅದರಿಂದ ಅವರಿಗೂ ಒಂದು ಗಂಟೆ ಓದುವ ಬಿಡುವು ಸಿಕ್ಕಿದೆ.

ವಾರಕ್ಕೆ ಮೂರು ದಿನ ಬೀದಿಯ ಅಂಬೇಡ್ಕರ್ ಭವನದಲ್ಲಿ ಕೂತು ಸಂಧ್ಯಾ ಸುರಕ್ಷಾ, ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುತ್ತೇನೆ. ಅಲ್ಲಿ ಕುರ್ಚಿ ಇಲ್ಲ, ಚಾಪೆ ಇದೆ. ಅರ್ಜಿ ತಂದ ಅಜ್ಜಿ "ಮಗಾ, ಇದೊಂಚೂರು ನೋಡಪ್ಪ" ಎನ್ನುತ್ತಾಳೆ. "ಸಾರ್" ಎನ್ನುವುದಿಲ್ಲ. ಆ ಮಾತಿಗೆ ನಿವೃತ್ತಿಯ ವಯಸ್ಸಿಲ್ಲ.

"ಏನಯ್ಯಾ" ಎಂದವರು ಈಗಲೂ ಸಿಗುತ್ತಾರೆ. "ಚೆನ್ನಾಗಿದ್ದೀನಿ, ನೀವು ಹೇಗಿದ್ದೀರಿ?" ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತೇನೆ. ಕೈಮುಗಿದು ಬಗ್ಗುವುದಿಲ್ಲ, ಸಿಟ್ಟನ್ನೂ ಮನೆಗೆ ಹೊತ್ತು ತರುವುದಿಲ್ಲ. ಮಾತು ಸರಿಪಡಿಸಿಕೊಳ್ಳಬೇಕಾದವರು ಅವರು.

ಇವತ್ತು ಐದು ನಿಮಿಷ ಸುಮ್ಮನೆ ಕೂತು ಕೇಳಿಕೊಳ್ಳೋಣ: ನನ್ನ ಪದವಿ ತೆಗೆದಿಟ್ಟರೆ ನನ್ನಲ್ಲಿ ಏನು ಉಳಿಯುತ್ತದೆ? ಇನ್ನೂ ನೌಕರಿಯಲ್ಲಿರುವ ತಮ್ಮ ತಂಗಿಯರು ಈ ಪ್ರಶ್ನೆಯನ್ನು ಈಗಲೇ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ, ಜೈ ಭೀಮ್.