ಗಂಟು ಅಂದ ಕೂಡಲೇ

ರಿಪೋರ್ಟಿನಲ್ಲಿ ‘ಶ್ವಾಸಕೋಶದಲ್ಲಿ ಗಂಟು’ ಅಂತ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಆಗೋ ತೀರ್ಮಾನ: ‘ಅವರಿಗೆ ಹೇಳೋದು ಬೇಡ, ಎದೆ ಒಡ್ಕೋತಾರೆ.’ ಪ್ರೀತಿಯ ಮಾತೇ. ಆದರೆ ಅದರೊಳಗೆ ತೀರ್ಪೂ ಇದೆ. ಗಂಟು ಅಂದರೆ ಕ್ಯಾನ್ಸರ್ ಅಂತ ನಾವಾಗಲೇ ಒಪ್ಪಿಬಿಟ್ಟಿರ್ತೀವಿ.

ಹಾಗೇನಿಲ್ಲ. ಕ್ಷಯದ ಗಂಟು ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನ ಹಾಗೇ ಹೊಳೆಯಬಹುದು. ಕಲ್ಲಿನ ದೂಳು ಕುಡಿದ ಎದೆಯಲ್ಲೂ ಗಂಟು ಕಟ್ಟುತ್ತೆ. ಹ್ಯಾಮಾರ್ಟೋಮಾ ಅನ್ನೋದು ಮೃದ್ವಸ್ಥಿ, ಕೊಬ್ಬು ಸೇರಿದ ನಿರುಪದ್ರವಿ ಮುದ್ದೆ. ವಿಪರೀತ ಸಿಗರೇಟು ಸೇದಿದವರನ್ನೇ ತಪಾಸಣೆ ಮಾಡಿದ, 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲೂ, ಸಿಟಿ ಸ್ಕ್ಯಾನಿನಲ್ಲಿ ಅನುಮಾನ ಬಂದಿದ್ದರಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ.

ದೇವನಹಳ್ಳಿ ಕಡೆಯ ನಮ್ಮ ದೊಡ್ಡಪ್ಪ ಎಷ್ಟು ವರ್ಷ ಕ್ವಾರಿಯಲ್ಲಿ ಕಲ್ಲು ಒಡೆದರು, ಟಿಬಿ ಮಾತ್ರೆ ಯಾವಾಗ ನುಂಗಿದರು, ಹಳೇ ಎಕ್ಸ್‌ರೇ ಯಾವ ಟ್ರಂಕಿನಲ್ಲಿದೆ, ಇದೆಲ್ಲ ಅವರಿಗೇ ಗೊತ್ತು. ಎರಡು ವರ್ಷ ಬೆಳೆಯದೆ ಇದ್ದಲ್ಲೇ ಇರುವ ಗಟ್ಟಿ ಗಂಟು ಬಹುತೇಕ ಅಪಾಯದ್ದಲ್ಲ. ಅದಕ್ಕೆ ಸಾಕ್ಷಿ ಆ ಹಳೇ ಫಿಲ್ಮೇ. (ಆಫೀಸಿನಲ್ಲಿ ಬಗ್ ಹುಡುಕೋಕೆ ಲಾಗ್ ಕೇಳ್ತೀವಿ. ಮನೆಯಲ್ಲಿ ಲಾಗ್ ಇಟ್ಟವರನ್ನೇ ಹೊರಗೆ ಕೂರಿಸ್ತೀವಿ.) ಬಯಾಪ್ಸಿ ಸೂಜಿಯಿಂದ ಶ್ವಾಸಕೋಶದ ಗಾಳಿ ಸೋರುವ ಅಪಾಯವೂ ಇದೆ. ಚುಚ್ಚೋದು ಅವರ ಎದೆಗೆ, ಒಪ್ಪೋರು ನಾವಾ?

‘ನನಗೇನೂ ಹೇಳ್ಬೇಡ, ನೀನೇ ನೋಡ್ಕೊಳಪ್ಪ’ ಅಂತ ಅವರೇ ಅಂದರೆ ಸರಿ, ಸುಮ್ಮನಾಗ್ತೀನಿ. ಆದರೆ ಇನ್ನೂ ಯಾರೂ ಕೇಳೇ ಇಲ್ಲ. ಬಯಾಪ್ಸಿ ಗುರುವಾರ. ನಾಳೆ ಊರಿಗೆ ಹೋಗ್ತಿದೀನಿ.